ಇಬ್ಬರಿಗೆ ಎಂಟು ಕೋಣೆ: ತುಮಕೂರಿನ ಒಂದು ಮನೆಯ ಕರೆಂಟ್ ಲೆಕ್ಕ

2023ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿ, "ಲೋ, ನಮ್ಮ ಮೀಟರ್ ಕೆಟ್ಟಿದೆ, ಬಂದು ನೋಡು" ಅಂದರು. ಮೀಟರ್ ಏನೂ ಕೆಟ್ಟಿರಲಿಲ್ಲ. ಆ ತಿಂಗಳು ಗೃಹಜ್ಯೋತಿಯ ಮೊದಲ ಬಿಲ್ಲು ಬಂದಿತ್ತು, ಅಷ್ಟೇ. ಎದುರು ಮನೆಗೆ ಸೊನ್ನೆ, ಪಕ್ಕದ ಮನೆಗೆ ಸೊನ್ನೆ, ಇವರಿಗೆ ಎರಡೂವರೆ ಸಾವಿರದ ಮೇಲೆ. ಎದುರು ಮನೆಯಲ್ಲಿ ಆರು ಜನ ಇದ್ದಾರೆ. ಇವರ ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಮೀಟರ್ ಮೇಲೆ ಅನುಮಾನ ಬರದೆ ಇರುತ್ತಾ?

ಯೋಜನೆ ಗೊತ್ತಲ್ವಾ, 2022-23ರ ಸರಾಸರಿ ಬಳಕೆಗೆ 10 ಪರ್ಸೆಂಟ್ ಸೇರಿಸಿ ಅಷ್ಟು ಯೂನಿಟ್ ಉಚಿತ, ಹೆಚ್ಚೆಂದರೆ 200. ಚಿಕ್ಕಪ್ಪನ ಸರಾಸರಿಯೇ 200 ದಾಟಿ ಹೋಗಿತ್ತು. (ಈ ಲೆಕ್ಕದಲ್ಲಿ ನನಗೊಂದು ತಕರಾರಿದೆ. ಮೊದಲಿಂದ 180 ಯೂನಿಟ್ ಸುಡುತ್ತಿದ್ದವರಿಗೆ 198 ಸಿಕ್ಕಿತು, 60ರಲ್ಲೇ ಸಂಸಾರ ತೂಗಿಸುತ್ತಿದ್ದವರಿಗೆ 66. ತೀರಾ ಕಡಿಮೆ ಬಳಸುವವರಿಗೆ ಆಮೇಲೆ 10 ಪರ್ಸೆಂಟ್ ಬದಲು 10 ಯೂನಿಟ್ ಅಂತ ಸರಿಮಾಡಿದರು. ಇರಲಿ.)

ನಾನು ವೈರಿಂಗ್ ಗುತ್ತಿಗೆ ಮಾಡುವವನು. ಈ ಮನೆಗೆ 2009ರಲ್ಲಿ ವೈರಿಂಗ್ ಮಾಡಿದ್ದೂ ನಾನೇ, ಸ್ವಂತವಾಗಿ ಹಿಡಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ನಾಲ್ಕು ಬಾತ್‌ರೂಮಿಗೂ ಗೀಸರ್ ಪಾಯಿಂಟ್ ಕೊಟ್ಟಿದ್ದು ನಾನು, ಬೇಡ ಅಂದಿರಲಿಲ್ಲ. ಹಾಗಾಗಿ ಈ ಕಥೆಯಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಮನೆ ಹೇಗಿದೆ

ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ಕಡೆಯ ಬಡಾವಣೆ. 30-40 ಸೈಟು, 19 ಚದರದ ಡ್ಯೂಪ್ಲೆಕ್ಸ್. ಕೆಳಗೆ ಹಾಲು, ಅಡುಗೆಮನೆ, ದೇವರ ಮನೆ, ಒಂದು ರೂಮು. ಮೇಲೆ ಎರಡು ಬೆಡ್‌ರೂಮು, ಇನ್ನೊಂದು ಹಾಲು, ಸಿಂಕ್ ಇರುವ ಒಂದು ಚಿಕ್ಕ ಕೋಣೆ. ಒಳಗೊಂದು ಮೆಟ್ಟಿಲು, ತಾರಸಿಗೆ ಹೋಗಲು ಹೊರಗೊಂದು ಮೆಟ್ಟಿಲು. ಕಟ್ಟುವಾಗ ನಾಲ್ಕು ಜನ ಇದ್ದರು, ಊರಿಂದ ಬಂದು ಹೋಗುವವರೂ ಜಾಸ್ತಿ. ಮಗಳು ಮದುವೆಯಾಗಿ ಮೈಸೂರಿಗೆ ಹೋದಳು, ಮಗ ಪುಣೆ ಸೇರಿದ. 2019ರಿಂದ ಅಷ್ಟೂ ಮನೆಗೆ ಇವರಿಬ್ಬರೇ.

ಚಿಕ್ಕಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಕೆಳಗಿನ ರೂಮು ಉಗ್ರಾಣವಾಗಿ ಹೋಗಿತ್ತು, ಹಾಗಾಗಿ ಅವರು ಮಲಗುತ್ತಿದ್ದದ್ದು ಹಾಲಿನಲ್ಲಿ, ದಿವಾನದ ಮೇಲೆ. ಚಿಕ್ಕಪ್ಪ ಮಾತ್ರ ಮಾಸ್ಟರ್ ಬೆಡ್‌ರೂಮ್ ಅಂತ ಕಟ್ಟಿಸಿದ್ದನ್ನು ಬಿಡುತ್ತಾರಾ? ಅವರು ಮೇಲೆ. ಇವರಿಗೆ ಕೆಳಗೆ ಧಾರಾವಾಹಿ, ಅವರಿಗೆ ಮೇಲೆ ನ್ಯೂಸು. ಎರಡು ಟಿವಿ, ಎರಡು ಸೆಟ್‌ಟಾಪ್ ಬಾಕ್ಸು, ಎರಡು ಫ್ರಿಡ್ಜು, ಬಳಕೆಯಲ್ಲಿ ಎರಡು ಗೀಸರು. ಕಾಫಿ ಆಯಿತು ಅಂತ ಹೇಳಬೇಕಾದರೆ ಚಿಕ್ಕಮ್ಮ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನು ಇದನ್ನು ನೋಡಿ ನಕ್ಕಿದ್ದೆ, ಆದರೆ ಒಂದು ಸಂಸಾರ ಎರಡು ಮನೆ ನಡೆಸುತ್ತಿದೆ ಅಂತ ತಲೆಗೆ ಹೋದದ್ದು ಅಳತೆ ಮಾಡಿದ ಮೇಲೆಯೇ.

ಅಳತೆ

ಸೆಪ್ಟೆಂಬರ್‌ನಲ್ಲಿ ಗೀಸರ್ ಲೈನುಗಳಿಗೆ ಸಬ್ ಮೀಟರ್ ಹಾಕಿದೆ. ಉಳಿದದ್ದಕ್ಕೆ ಪ್ಲಗ್ ಮೀಟರು, ಕ್ಲ್ಯಾಂಪ್ ಮೀಟರು. ಒಂದು ತಿಂಗಳು ಬರೆದಿಟ್ಟಾಗ ಒಟ್ಟು 265 ಯೂನಿಟ್ ಆಸುಪಾಸು ಬಂತು, ಬೆಸ್ಕಾಂ ಬಿಲ್ಲಿಗೆ ಸರಿಯಾಗಿಯೇ ಹೊಂದಿತು.

ಅದರಲ್ಲಿ ಗೀಸರ್‌ದೇ 90. ಇದು ನನಗೇ ಆಶ್ಚರ್ಯ. 25 ಲೀಟರ್ ನೀರನ್ನು ನಮ್ಮೂರಿನ ತಣ್ಣೀರಿನಿಂದ 60 ಡಿಗ್ರಿಗೆ ಏರಿಸಲು ಒಂದು ಯೂನಿಟ್ ಸಾಕು. ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡುವ ಇಬ್ಬರಿಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ಇಲ್ಲಿ ದಿನಕ್ಕೆ ಮೂರು ಯೂನಿಟ್ ಓಡುತ್ತಿತ್ತು. ಅವರು ತಿಪಟೂರಿಗೆ ಒಂದು ಮದುವೆಗೆ ಹೋದ ದಿನ ಬೇಕೆಂದೇ ಎರಡೂ ಗೀಸರ್ ಆನ್ ಇಟ್ಟು ಹೋಗಿ ಅಂದೆ. ಮರುದಿನ ನೋಡಿದರೆ 1.6 ಯೂನಿಟ್. ಮನೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಒಂದು ಚೊಂಬು ನೀರು ಖರ್ಚಾಗಿಲ್ಲ. ಬಿಸಿ ಆರುತ್ತೆ, ಥರ್ಮೋಸ್ಟಾಟ್ ಮತ್ತೆ ಕಾಯಿಸುತ್ತೆ, ಮತ್ತೆ ಆರುತ್ತೆ. ಆ ಎರಡು ಸ್ವಿಚ್ಚುಗಳನ್ನು ಯಾರೂ ಆಫ್ ಮಾಡಿಯೇ ಇರಲಿಲ್ಲ.

ಆಮೇಲೆ ಫ್ರಿಡ್ಜು. ಕೆಳಗಿನದ್ದು ಹೊಸದು, ತಿಂಗಳಿಗೆ 21 ಯೂನಿಟ್. ಮೇಲಿನದ್ದು ಹಳೆಯ ಡಬಲ್ ಡೋರು, 42. ಒಳಗೆ ಏನಿದೆ ಅಂತ ತೆಗೆದು ನೋಡಿದೆ. ನಾಲ್ಕು ನೀರಿನ ಬಾಟಲು, ಎರಡು ವರ್ಷದ ಹಿಂದಿನ ಹುಳಿಪುಡಿ, ಅರ್ಧ ಕೆಜಿ ಬೆಲ್ಲ, ಮಗಳ ಬಾಣಂತನದಲ್ಲಿ ತಂದ ಯಾವುದೋ ಲೇಹ. ಇಷ್ಟನ್ನು ತಣ್ಣಗಿಡಲು ವರ್ಷಕ್ಕೆ ಐನೂರು ಯೂನಿಟ್.

ಉಳಿದದ್ದು ಚಿಲ್ಲರೆ: ಫ್ಯಾನು 36, ಟಿವಿ ಮತ್ತು ಬಾಕ್ಸುಗಳು 23, ಬ್ಯಾಟರಿ ಹಳತಾದ ಯುಪಿಎಸ್ 18, ಸಂಪಿನ ಮೋಟರು 15, ಲೈಟು 10, ಮಿಕ್ಸಿ ವಾಷಿಂಗ್ ಮೆಷಿನ್ ಎಲ್ಲ ಸೇರಿ 12. ಇಷ್ಟು ಮಾಮೂಲಿ ತಿಂಗಳ ಕಥೆ. 2023ರ ಏಪ್ರಿಲ್ ಬಿಲ್ಲು ತೆಗೆದು ನೋಡಿದರೆ 402. ಮೇಲಿನ ರೂಮಿನ ಎಸಿ.

ಆ ಎಸಿ ಯಾಕೆ ಬೇಕಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತುಮಕೂರಿನಲ್ಲಿ ಬೇಸಿಗೆಯ ರಾತ್ರಿ ಹೊರಗೆ ಗಾಳಿ ಚೆನ್ನಾಗಿಯೇ ಇರುತ್ತದೆ. ಆದರೆ ಮೋಲ್ಡು, ಅಂದರೆ ತಾರಸಿಯ ಕಾಂಕ್ರೀಟು, ಇಡೀ ದಿನ ಬಿಸಿಲು ಕುಡಿದಿರುತ್ತದೆ, ಅದನ್ನು ಒಳಗೆ ಬಿಡುವುದು ಸಂಜೆಯಿಂದ ಮಧ್ಯರಾತ್ರಿವರೆಗೆ. ಅಂದರೆ ನಾವು ಮಲಗುವ ಹೊತ್ತಿಗೆ ಸರಿಯಾಗಿ. ಕೆಳಗಿನ ರೂಮಿಗೆ ಈ ತೊಂದರೆಯೇ ಇಲ್ಲ, ಅದರ ತಲೆ ಮೇಲೆ ಇನ್ನೊಂದು ಮನೆಯೇ ಇದೆ. ಎಸಿ ತಣ್ಣಗೆ ಮಾಡುತ್ತಿದ್ದದ್ದು ತುಮಕೂರಿನ ಸೆಖೆಯನ್ನಲ್ಲ, ಚಿಕ್ಕಪ್ಪ ತಪ್ಪು ಮಹಡಿಯಲ್ಲಿ ಮಲಗಿದ್ದನ್ನು.

ಮೊದಲು ಹೊಳೆದದ್ದು ಖರೀದಿಯೇ

ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು, ಪಾವಗಡ ಕಡೆ ವರ್ಷಗಟ್ಟಲೆ ಪಾಠ ಮಾಡಿದವರು. ಲೆಕ್ಕ ತೋರಿಸಿದ ತಕ್ಷಣ ಪಟ್ಟಿ ಹಾಕಿದರು. ಹಳೆ ಫ್ರಿಡ್ಜ್ ಬದಲು ಫೈವ್ ಸ್ಟಾರ್ ಫ್ರಿಡ್ಜು. ಹಳೆ ಎಸಿ ಬದಲು ಇನ್ವರ್ಟರ್ ಎಸಿ. ಎಲ್ಲ ಕೋಣೆಗೂ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನು. ಮುಂದಿನ ವರ್ಷದ ಫೆಬ್ರವರಿಯಲ್ಲಿ ತಾರಸಿ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಬಂದಾಗ ಅದೂ ಪಟ್ಟಿಗೆ ಸೇರಿತು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂತ ಒಬ್ಬ ಏಜೆಂಟ್ ಬಂದು ಕೂತೇ ಬಿಟ್ಟಿದ್ದ.

ಇವು ಯಾವುವೂ ಕೆಟ್ಟವಲ್ಲ. ಹಳೆ ಫ್ಯಾನು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ 30ರ ಆಸುಪಾಸು, ನಾನೇ ಎಷ್ಟೋ ಮನೆಗೆ ಹಾಕಿದ್ದೇನೆ. ಆದರೆ ಪಟ್ಟಿ ನೋಡುತ್ತಾ ಕೂತಿದ್ದ ಚಿಕ್ಕಮ್ಮ ಕೇಳಿದರು, "ಅಲ್ಲ ಕಣೋ, ಮೇಲಿನ ಫ್ರಿಡ್ಜು ಎಷ್ಟು ಸ್ಟಾರ್ ಇರಬೇಕು ಅಂತ ಮಾತಾಡ್ತಿದೀರಲ್ಲ, ಅದು ಅಲ್ಲಿ ಯಾತಕ್ಕೆ?"

ನನ್ನ ಬಳಿ ಉತ್ತರ ಇರಲಿಲ್ಲ.

ಓದಿದವರು ಇದಕ್ಕೊಂದು ಹೆಸರಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಐಪಿಸಿಸಿ, 2022ರ ವರದಿಯ ಕಟ್ಟಡಗಳ ಅಧ್ಯಾಯದಲ್ಲಿ ಮೂರು ಮೆಟ್ಟಿಲು ಹೇಳುತ್ತದೆ. ಮೊದಲನೆಯದು ಸಫಿಷಿಯನ್ಸಿ, ಅಂದರೆ ಜನ ಚೆನ್ನಾಗಿ ಬದುಕುತ್ತಲೇ ಬೇಡಿಕೆಯೇ ಹುಟ್ಟದ ಹಾಗೆ ನೋಡಿಕೊಳ್ಳುವುದು. ಎರಡನೆಯದು ಒಳ್ಳೆಯ ಉಪಕರಣ. ಸೋಲಾರ್‌ನಂಥದ್ದು ಮೂರನೆಯದು. ನಾವು ಮೊದಲನೆಯದನ್ನು ಬಿಟ್ಟು ಎರಡನೇ ಮೆಟ್ಟಿಲಿಂದ ಶುರು ಮಾಡಿದ್ದೆವು. ಕನ್ನಡದಲ್ಲಿ ಇದಕ್ಕೆ ದೊಡ್ಡ ಪದ ಬೇಕಿಲ್ಲ, ಊಟದ ಎಲೆಗೆ ಕೈ ಅಡ್ಡ ಇಟ್ಟು "ಸಾಕು" ಅಂತೀವಲ್ಲ, ಅದೇ. ನಮ್ಮ ನಿಯಮಗಳಲ್ಲೂ ಈ ಸಾಕು ಕಾಣುವುದಿಲ್ಲ. ಮನೆಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತಾ ನೋಡಿ. ಗೋಡೆ ಕಿಟಕಿಗಳಿಂದ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು ಅನ್ನುತ್ತದೆ, ಒಳ್ಳೆಯದೇ. ಆದರೆ ಎಷ್ಟು ಚದರ ಮೀಟರ್, ಎಷ್ಟು ಜನಕ್ಕೆ, ಅಂತ ಕೇಳುವುದಿಲ್ಲ.

ಚಿಕ್ಕಪ್ಪ ಸುಲಭಕ್ಕೆ ಸೋಲುವವರಲ್ಲ. "ನಮ್ಮ ಜಿಲ್ಲೇಲೇ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಪಾವಗಡದ ತಿರುಮಣಿ ಕಡೆ ಹೋಗಿ ನೋಡು, 13,000 ಎಕರೆ, ರೈತರ ಜಮೀನು ಗುತ್ತಿಗೆಗೆ ತಗೊಂಡು ಮಾಡಿದಾರೆ. ಇನ್ನು ನಾನು ಲೈಟ್ ಆರಿಸಿ ಏನಾಗಬೇಕು?" ಅಂದರು. ನಾನು ಅವರ ಎಸಿ ಓಡುವ ಹೊತ್ತು ತೋರಿಸಿದೆ, ರಾತ್ರಿ ಹತ್ತು. ಗೀಸರ್ ಹೊತ್ತು, ಬೆಳಗಿನ ಜಾವ ಐದೂವರೆ. ಆ ಎರಡೂ ಹೊತ್ತಲ್ಲಿ ಪಾವಗಡದಲ್ಲೂ ಕತ್ತಲೆಯೇ. ಮೇಷ್ಟ್ರು ಸುಮ್ಮನಾದರು.

ಕೆಳಗೆ ಇಳಿದದ್ದು

ನಿಜವಾದ ಪ್ರಶ್ನೆ ಇನ್ನೂ ದೊಡ್ಡದಿತ್ತು. ಅವರು ಮೇಲೊಂದು ಮಹಡಿ ಎಬ್ಬಿಸುವ ಯೋಚನೆಯಲ್ಲಿದ್ದರು, ಬಾಡಿಗೆಗೆ ಅಂತ. 9 ಚದರ. ಮೇಸ್ತ್ರಿ ಬಂದು ಅಳೆದುಕೊಂಡೂ ಹೋಗಿದ್ದ. ನಾಲ್ಕು ಕೋಣೆ ಖಾಲಿ ಇಟ್ಟುಕೊಂಡು ಅದರ ಮೇಲೆ ಬಾಡಿಗೆಗೆ ಇನ್ನೊಂದು ಮನೆ! ಆದರೆ ನಗಬೇಡಿ, ನಮ್ಮ ಬೀದಿಯಲ್ಲೇ ಹೀಗೆ ಕಟ್ಟಿದವರನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಲದು.

ಚಿಕ್ಕಮ್ಮನ ಸಲಹೆ ಸರಳವಾಗಿತ್ತು. ನಾವಿಬ್ಬರೂ ಕೆಳಗಿರೋಣ, ಈಗ ಇರುವ ಮೇಲಿನದ್ದನ್ನೇ ಬಾಡಿಗೆಗೆ ಕೊಡೋಣ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮದು ಹಾಸಿಗೆಯೇ ಜಾಸ್ತಿ ಆಗಿದೆ, ಮಡಚೋಣ."

ಹಣ, ಇಟ್ಟಿಗೆ, ವೈರಿಂಗ್ ಯಾವುದೂ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಕೆಳಗಿನ ರೂಮು ಖಾಲಿ ಮಾಡುವುದು. ಮೂರು ವಾರ ಹಿಡಿಯಿತು. ತೋಟದಿಂದ ಬಂದ ಎರಡು ಚೀಲ ಕೊಬ್ಬರಿ, ಮಗನ ನಾಲ್ಕು ವರ್ಷದ ಎಂಜಿನಿಯರಿಂಗ್ ನೋಟ್ಸು, ಗೃಹಪ್ರವೇಶದಲ್ಲಿ ಉಡುಗೊರೆ ಬಂದು ಇನ್ನೂ ಡಬ್ಬ ಒಡೆಯದ ಡಿನ್ನರ್ ಸೆಟ್ಟುಗಳು, ಒಂದು ತೊಟ್ಟಿಲು, ಅಜ್ಜಿಯ ಒರಳುಕಲ್ಲು, ಮೂರು ಕೆಟ್ಟ ಮಿಕ್ಸಿ. ಒಂದೊಂದನ್ನೂ ಚಿಕ್ಕಮ್ಮ ಕೈಯಲ್ಲಿ ಹಿಡಿದು ನೋಡಿ, ಸೆರಗಲ್ಲಿ ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಸಲಹೆ ಕೊಟ್ಟವರೂ ಅವರೇ! ಕೊನೆಗೆ ತೊಟ್ಟಿಲು ಮತ್ತು ಒರಳು ಉಳಿದವು, ಉಳಿದದ್ದು ಹೋಯಿತು. ಮೇಲಿನ ಫ್ರಿಡ್ಜನ್ನು ಮನೆಕೆಲಸಕ್ಕೆ ಬರುವವರಿಗೆ ಕೊಡುತ್ತೇನೆ ಅಂದರು. ನಾನೇ ತಡೆದೆ. ಅವರ ಗೃಹಜ್ಯೋತಿ ಲೆಕ್ಕ ಇರುವುದೇ 60 ಯೂನಿಟ್, ಈ ಪುಣ್ಯಾತ್ಮ ಒಬ್ಬನೇ 42 ತಿನ್ನುತ್ತಾನೆ. ದಾನ ಕೊಟ್ಟಂತೆ ಆಗಿ ಅವರ ಬಿಲ್ಲಿಗೆ ಬೆಂಕಿ ಇಟ್ಟ ಹಾಗೆ ಆಗುತ್ತಿತ್ತು. ಗುಜರಿಗೆ ಹಾಕಿದೆವು.

ಕಟ್ಟಡದ ಕೆಲಸ ಚಿಕ್ಕದು. ಹೊರಗಿನ ಮೆಟ್ಟಿಲು ಇದ್ದದ್ದು ಅದೃಷ್ಟ, ಮೇಲಿನ ಹಾಲಿಗೆ ಅಲ್ಲಿಂದ ಬಾಗಿಲು ಒಡೆದೆವು. ಸಿಂಕ್ ಇದ್ದ ಚಿಕ್ಕ ಕೋಣೆಗೆ ಕಟ್ಟೆ ಹಾಕಿ ಅಡುಗೆಮನೆ ಮಾಡಿದೆವು. ಒಳಮೆಟ್ಟಿಲಿಗೆ ಗೋಡೆ ಕಟ್ಟಬೇಕು ಅಂದಾಗ ಚಿಕ್ಕಮ್ಮನ ಮುಖ ಬಾಡಿತು. ಗೋಡೆ ಬೇಡ, ಬಾಗಿಲು ಇಡು, ಬೀಗ ಹಾಕೋಣ, ನಾಳೆ ಮಗ ಬಂದರೆ ತೆಗೆಯಬಹುದು ಅಂದರು. ಹಾಗೇ ಮಾಡಿದೆವು. ಈ ಬಾಗಿಲು ಇಲ್ಲದಿದ್ದರೆ ಇಡೀ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮೇಲಿನ ಮನೆಗೆ ಬೇರೆ ಡಿಸ್ಟ್ರಿಬ್ಯೂಷನ್ ಬೋರ್ಡು, ಬೇರೆ ಮೀಟರು, ಬೇರೆ ಆರ್.ಆರ್. ನಂಬರು. ನನ್ನ ಕೂಲಿ ಬಿಟ್ಟು ಒಟ್ಟು 1.4 ಲಕ್ಷ ಖರ್ಚು.

2024ರ ಸಂಕ್ರಾಂತಿ ಕಳೆದು ಫೆಬ್ರವರಿಯಲ್ಲಿ ಗುಬ್ಬಿ ಕಡೆಯ ಗಂಡ ಹೆಂಡತಿ, ಒಂದು ಮಗು ಮೇಲೆ ಬಂದರು. ಬಾಡಿಗೆ 9,500. ಹಳೆ ಲೆಕ್ಕ ಇಲ್ಲದ ಮನೆ ಆದ್ದರಿಂದ ಅವರಿಗೆ ಗೃಹಜ್ಯೋತಿ 58 ಯೂನಿಟ್, ಅಂದರೆ ರಾಜ್ಯದ ಸರಾಸರಿ 53, ಅದಕ್ಕೆ 10 ಪರ್ಸೆಂಟ್.

ಮೇಲೆ ಇರುವವರು ಬಾಡಿಗೆಯವರು ಅಂತ ಬಿಸಿಲಿಗೆ ಬಿಡಲಾಗುತ್ತದೆಯೇ? ಮಾರ್ಚ್‌ನಲ್ಲಿ ತಾರಸಿ ತೊಳೆದು ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟು ಬಳಿದೆವು. ಕರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರದ ಒಂದು ಗನ್ ನನ್ನ ಟೂಲ್ ಬ್ಯಾಗಿನಲ್ಲಿರುತ್ತದೆ. ಸುಣ್ಣಕ್ಕೆ ಮೊದಲು ರಾತ್ರಿ ಒಂಬತ್ತಕ್ಕೆ ಮೇಲಿನ ರೂಮಿನ ಸೀಲಿಂಗ್ 38 ಡಿಗ್ರಿ, ಕೆಳಗಿನದ್ದು 30. ಸುಣ್ಣ ಆದ ಮೇಲೆ ಮೇಲಿನದ್ದು 34ಕ್ಕೆ ಇಳಿಯಿತು. ಎಸಿ ಬಿಚ್ಚಿ ಮಾರಿದ್ದಾಗಿತ್ತು, ಬಾಡಿಗೆಯವರು ಕೇಳಲೂ ಇಲ್ಲ.

ಒಂದು ಪ್ರಯೋಗ ಪೂರ್ತಿ ಮಣ್ಣುಮುಕ್ಕಿತು. ಗೀಸರೇ ಬೇಡ ಅಂತ ಚಿಕ್ಕಪ್ಪ ಉತ್ಸಾಹದಲ್ಲಿ ಹಿತ್ತಲಿನ ಸಂದಿಯಲ್ಲಿ ಹಂಡೆ ಒಲೆ ಹಾಕಿಸಿದರು. ತೋಟದಿಂದ ಸಿಪ್ಪೆ, ಗರಿ, ಚಿಪ್ಪು ಬರುತ್ತೆ, ಬಿಟ್ಟಿ ಉರುವಲು, ನಮ್ಮಪ್ಪನ ಕಾಲದ ಹಾಗೆ ಅಂತ. ನಾಲ್ಕು ಅಡಿ ಸಂದಿಯಲ್ಲಿ ಹೊಗೆ ಎಲ್ಲಿಗೆ ಹೋಗಬೇಕು? ಪಕ್ಕದ ಮನೆಯ ಒಣಗಿಹಾಕಿದ ಬಟ್ಟೆಗೆ ಹೋಯಿತು, ಮೇಲಿನ ಮಗುವಿನ ಕೋಣೆಗೆ ಹೋಯಿತು. ಮೂರನೇ ವಾರಕ್ಕೆ ಒಲೆ ಆರಿತು. ಹಂಡೆಯಲ್ಲಿ ಈಗ ದಾಸವಾಳ ಇದೆ.

ಲೆಕ್ಕ

ಹೊಸ ವ್ಯವಸ್ಥೆ ನಿಂತ ಮೇಲೆ ಮಾಮೂಲಿ ತಿಂಗಳಲ್ಲಿ ಕೆಳಗೆ 144 ಯೂನಿಟ್, ಮೇಲೆ 95. ಕೆಳಗಿನದ್ದರಲ್ಲಿ ಗೀಸರ್ 40, ಏಕೆಂದರೆ ಒಂದೇ ಗೀಸರು, ಒಬ್ಬರ ಹಿಂದೆ ಒಬ್ಬರ ಸ್ನಾನ, ಆಮೇಲೆ ಆಫ್. ಎರಡು ಮನೆಗೂ ನೀರೆತ್ತುವ ಮೋಟರು ಇವರ ಮೀಟರಿನಲ್ಲೇ ಇದೆ, ಅದು 20ಕ್ಕೆ ಏರಿದೆ.

ಒಟ್ಟು 239. ಮೊದಲು 265. ಇದನ್ನು ನೋಡಿ ನನ್ನ ಹೆಂಡತಿ, "ಇಷ್ಟೆಲ್ಲ ಒದ್ದಾಡಿ 26 ಯೂನಿಟ್ಟಾ?" ಅಂದಳು. ಕಟ್ಟಡದ ಲೆಕ್ಕ ಹಿಡಿದರೆ ಅಷ್ಟೇ. ಆದರೆ 265 ಇಬ್ಬರದ್ದು, 239 ಐದು ಜನರದ್ದು. ತಲೆಗೆ 132 ಇದ್ದದ್ದು 48 ಆಯಿತು. ಆ ಮೂವರು ಇಲ್ಲಿಗೆ ಬರದಿದ್ದರೂ ಎಲ್ಲೋ ಒಂದು ಕಡೆ ಆ 95 ಯೂನಿಟ್ ಸುಡುತ್ತಲೇ ಇದ್ದರು. 2024ರ ಏಪ್ರಿಲ್‌ನಲ್ಲಿ, ಅದೆಂಥಾ ಬೇಸಿಗೆ ಅಂತ ಎಲ್ಲರಿಗೂ ನೆನಪಿರುತ್ತದೆ, ಎರಡೂ ಮನೆ ಸೇರಿ 280. ಹಿಂದಿನ ವರ್ಷ ಇಬ್ಬರಿಗೇ 402 ಆಗಿತ್ತಲ್ಲ.

ಮೀಟರಿನಲ್ಲಿ ಕಾಣದ ದೊಡ್ಡ ಉಳಿತಾಯ ಇನ್ನೊಂದಿದೆ, ಕಟ್ಟದೆ ಬಿಟ್ಟ ಆ 9 ಚದರ. ಮೇಸ್ತ್ರಿಗಳ ಬಾಯಿಲೆಕ್ಕ ಚದರಡಿಗೆ 0.4 ಮೂಟೆ ಸಿಮೆಂಟು. 900 ಚದರಡಿಗೆ 360 ಮೂಟೆ, 18 ಟನ್. ಒಂದು ಟನ್ ಸಿಮೆಂಟಿಗೆ ಕಡಿಮೆ ಹಿಡಿದರೂ 0.6 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಸುಣ್ಣದ ಕಲ್ಲು ಸುಡುವಾಗ ಕಲ್ಲಿನಿಂದಲೇ ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ಅಲ್ಲಿಗೆ 11 ಟನ್ ಹತ್ತಿರ. ಹಳೆ ಲೆಕ್ಕದಲ್ಲಿ ಈ ಮನೆ ವರ್ಷಕ್ಕೆ ಸುಮಾರು 3,600 ಯೂನಿಟ್ ಸುಡುತ್ತಿತ್ತು, ನಮ್ಮ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ 0.7 ಕೆಜಿ ಅಂತ ಹಿಡಿದರೆ 2.5 ಟನ್. ಅಂದರೆ ಆ ಮಹಡಿಯ ಸಿಮೆಂಟ್ ಒಂದೇ ಈ ಮನೆಯ ನಾಲ್ಕು ವರ್ಷದ ಕರೆಂಟಿಗಿಂತ ಹೆಚ್ಚು. ಕಂಬಿ, ಇಟ್ಟಿಗೆ ಲೆಕ್ಕಕ್ಕೆ ಹಿಡಿದೇ ಇಲ್ಲ.

ಹಾಗಂತ ಎಲ್ಲ ಲಾಭವೇ ಅಲ್ಲ. ವರ್ಷದ ಬಾಡಿಗೆ ಕೈಸೇರಿದ ಮೇಲೆ ಇಬ್ಬರೂ ಬೆಂಗಳೂರಿಂದ ವಿಮಾನದಲ್ಲಿ ಕಾಶಿಗೆ ಹೋಗಿ ಬಂದರು. ಉಳಿಸಿದ ಹೊಗೆಯಲ್ಲಿ ಒಂದಷ್ಟು ಅಲ್ಲಿ ಆಕಾಶಕ್ಕೆ ಹೋಯಿತು, ಅದನ್ನು ಬರೆಯದೆ ಲೆಕ್ಕ ಮುಗಿಸಿದರೆ ಮೋಸ.

ಜನ ಏನಂದರು

ಬಂಧುಗಳು ಮೊದಲು ಕೇಳಿದ್ದು, "ಯಾಕೆ, ಮಗ ದುಡ್ಡು ಕಳಿಸ್ತಿಲ್ವಾ?" ಸ್ವಂತ ಮನೆಯ ಮೇಲುಗಡೆ ಖಾಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಒಂಥರಾ ಮರ್ಯಾದೆ. ಮೂರನೇ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರೆ ಅದು ಸ್ಥಿತಿವಂತಿಕೆ, ಇದ್ದದ್ದನ್ನೇ ಕೊಟ್ಟರೆ ಕಷ್ಟ ಬಂದಿದೆ ಅಂತ ಅರ್ಥ. ಚಿಕ್ಕಪ್ಪ ಇದನ್ನು ಕೇಳಿ ಎರಡು ದಿನ ಸಪ್ಪಗಿದ್ದರು.

ಅದಕ್ಕಿಂತ ನೋಯಿಸಿದ್ದು ಮಗಳ ಮಾತು. ದೀಪಾವಳಿಗೆ ಮಕ್ಕಳನ್ನು ಕರೆದುಕೊಂಡು ಬಂದವಳು ಒಳಮೆಟ್ಟಿಲ ಬೀಗ ನೋಡಿ, "ನನ್ನ ರೂಮೂ ಕೊಟ್ಬಿಟ್ರಾ?" ಅಂದಳು. ವರ್ಷಕ್ಕೆ ಎಂಟೋ ಹತ್ತೋ ದಿನ ಮಲಗುವ ರೂಮು, ಆದರೆ ಆ ಮಾತಿಗೆ ಯೂನಿಟ್ ಲೆಕ್ಕದಲ್ಲಿ ಉತ್ತರ ಕೊಡಲಾಗುವುದಿಲ್ಲ. ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಸಾಲಾಗಿ ಮಲಗಿದರು. ಮಕ್ಕಳಿಗೆ ಅದು ಖುಷಿಯಾಯಿತು, ಅವಳಿಗೆ ಆಗಲಿಲ್ಲ. ಮುಂದಿನ ಯುಗಾದಿಗೆ ಬಂದವಳು ಒಂದೇ ರಾತ್ರಿ ಇದ್ದು ಹೋದಳು.

ಎಲ್ಲ ಮನೆಗೂ ಇದು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಇಲ್ಲಿ ಹೊರಮೆಟ್ಟಿಲಿತ್ತು, ಮೇಲೆ ನೀರಿನ ಪೈಪಿತ್ತು. ಈಗಿನ ಡ್ಯೂಪ್ಲೆಕ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಒಳಮೆಟ್ಟಿಲು ಮಾತ್ರ, ಅವನ್ನು ಆಮೇಲೆ ಎರಡು ಮಾಡಬೇಕಾದರೆ ಒಡೆಯುವುದೇ ಜಾಸ್ತಿ. ಹಾಗಾಗಿ ಈಗ ಹೊಸ ಮನೆ ವೈರಿಂಗ್‌ಗೆ ಕರೆದರೆ ಮೊದಲು ಮೂರು ಮಾತು ಹೇಳುತ್ತೇನೆ. ಮೆಟ್ಟಿಲು ಹೊರಗಿಂದಲೂ ಬರಲಿ, ಮೇಲೊಂದು ಸಿಂಕ್ ಲೈನ್ ಇರಲಿ, ಬೋರ್ಡು ಮೊದಲಿಂದಲೇ ಎರಡಿರಲಿ. ಗೀಸರ್ ಪಾಯಿಂಟ್ ನಾಲ್ಕು ಕೇಳಿದವರನ್ನು ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತೇನೆ. ಒಂದಿಬ್ಬರು ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಿದ್ದಾರೆ.

ತಾರಸಿ ಮೇಲೆ ಮುಂದಿನ ಮಹಡಿಗೆ ಅಂತ 2009ರಲ್ಲಿ ಬಿಟ್ಟ ಪಿಲ್ಲರ್ ಕಂಬಿಗಳು ಹಾಗೇ ನಿಂತಿವೆ. ಕತ್ತರಿಸಿ ಸಿಮೆಂಟ್ ಮೆತ್ತಿಬಿಡೋಣ, ನೀರಿಳಿದು ತುಕ್ಕು ಹಿಡಿಯುತ್ತೆ ಅಂತ ನಾನು ಎರಡು ಸಲ ಹೇಳಿದೆ. ಚಿಕ್ಕಪ್ಪ ತಲೆಯಾಡಿಸುತ್ತಾರೆ, ಮಾತು ಬದಲಿಸುತ್ತಾರೆ. ಬಾಡಿಗೆಯವರು ಅದಕ್ಕೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಗಿಸುತ್ತಿದ್ದಾರೆ, ಚಿಕ್ಕಮ್ಮ ಒಂದು ಮೂಲೆಯಲ್ಲಿ ತೊಂಡೆ ಬಳ್ಳಿ ಹಬ್ಬಿಸಿದ್ದಾರೆ.